ಲಾರಿ ಶೆಡ್ಡಿನ ದೀಪ

ಷಡಕ್ಷರಪ್ಪನವರು ನಕ್ಕರೆ ಜಟ್ಟಪ್ಪನಿಗೆ ಹೊಟ್ಟೆಯಲ್ಲಿ ಚಳಿ ಹುಟ್ಟುತ್ತಿತ್ತು. ಬೈದರೆ ಏನೂ ಅನ್ನಿಸುತ್ತಿರಲಿಲ್ಲ. ಬೈಗುಳ ಹುಟ್ಟಿನಿಂದ ಕೇಳಿದ್ದು. ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಅಂತ ಗೊತ್ತಿತ್ತು. ನಗು ಹಾಗಲ್ಲ. ಉಳ್ಳವರು ಸುಮ್ಮನೆ ನಗುವುದಿಲ್ಲ.

ಆ ಸೋಮವಾರ ಅವರು ನಕ್ಕರು. ನಕ್ಕಿದ್ದಷ್ಟೇ ಅಲ್ಲ, "ಏನು ಜಟ್ಟಪ್ಪಾ, ಊಟ ಆಯ್ತೇನೋ?" ಅಂತ ಕೇಳಿದರು.

ಎರಡು ವರ್ಷದಿಂದ ಅವನು ಆ ಶೆಡ್ಡಿನಲ್ಲಿ 'ಏ ಜಟ್ಟ' ಆಗಿದ್ದ. 'ಅಪ್ಪ' ಇದ್ದದ್ದು ಅವನ ಲೈಸೆನ್ಸ್ ಪುಸ್ತಕದಲ್ಲಿ ಮಾತ್ರ. ಜಟ್ಟಪ್ಪ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಹಿಂದೆ ತಿರುಗಿ ನೋಡಿದ. ಇನ್ಯಾರೋ ಜಟ್ಟಪ್ಪ ಬಂದು ನಿಂತಿರಬೇಕು ಅಂದುಕೊಂಡ. ಯಾರೂ ಇರಲಿಲ್ಲ.

"ಆಯ್ತು ಬುದ್ಧಿ," ಅಂದ. ಆಗಿರಲಿಲ್ಲ.

ಶಿವಮೊಗ್ಗೆಯಲ್ಲಿ ತುಂಗೆಯ ಸೇತುವೆಗೆ ಹತ್ತಿರವಾಗಿ ಷಡಕ್ಷರಪ್ಪನವರ ಮನೆ, ಮನೆಯ ಅಂಗಳದಾಚೆಗೆ ಲಾರಿ ಶೆಡ್ಡು. ಐದು ಲಾರಿ. ಕಾಡಿನ ಡಿಪೋದಿಂದ ಇದ್ದಿಲು ತುಂಬಿ ಭದ್ರಾವತಿಯ ಕಾರ್ಖಾನೆಗೆ ಹೊಡೆಯುವ ಕಂಟ್ರಾಕ್ಟು ಅವರದು. ಯುದ್ಧದ ಕಾಲ. ಪೆಟ್ರೋಲು ರೇಷನ್ನಿಗೆ ಬಿದ್ದಿತ್ತು. ಲಾರಿಗಳ ಬೆನ್ನಿಗೆ ಆಳೆತ್ತರದ ಕಬ್ಬಿಣದ ಪೀಪಾಯಿ ಕೂರಿಸಿದ್ದರು. ಅದರೊಳಗೆ ಇದ್ದಿಲು ಉರಿಸಿ, ಅದರಿಂದ ಬರುವ ಗ್ಯಾಸಿನಲ್ಲಿ ಎಂಜಿನ್ ಓಡಬೇಕು.

ಐದೂ ಪೀಪಾಯಿಗಳ ಬೆಂಕಿ ಕೆಲಸ ಜಟ್ಟಪ್ಪನ ತಲೆಗೇ. ಅವನೂ ಡ್ರೈವರೇ, ಉಳಿದ ನಾಲ್ವರಂತೆ ಲೈಸೆನ್ಸ್ ಇದ್ದ ಡ್ರೈವರ್. ಆದರೆ ಬೂದಿ ಕೆರೆಯುವುದು, ಟಾರು ಹತ್ತಿದ ಪೈಪು ಉಜ್ಜುವುದು, ಇದ್ದಿಲನ್ನು ಅಡಿಕೆ ಗಾತ್ರಕ್ಕೆ ಒಡೆದು ತುಂಬುವುದು ಅವನ ಪಾಲು. ಯಾರೂ ಹಾಗಂತ ಹೇಳಿರಲಿಲ್ಲ. ಹೇಳುವ ಅಗತ್ಯ ಇರಲಿಲ್ಲ. ಬೆಂಕಿ ಹಚ್ಚಿ ಇಪ್ಪತ್ತು ನಿಮಿಷ ಕೈಯಲ್ಲಿ ಫ್ಯಾನ್ ತಿರುಗಿಸಬೇಕು. ಗ್ಯಾಸು ಮುಖಕ್ಕೇ ಬರುತ್ತದೆ. ತಲೆ ಸಿಡಿಯುತ್ತದೆ, ವಾಂತಿಯಾಗುತ್ತದೆ. ಎರಡು ಸಲ ಅವನು ಪ್ರಜ್ಞೆ ತಪ್ಪಿ ಬಿದ್ದಿದ್ದ. ಹೊರಗೆ ಗಾಳಿಗೆ ಎಳೆದು ಹಾಕಬೇಕಾದರೆ ಮುಟ್ಟಬೇಕಲ್ಲ. ದೂರ ನಿಂತು ನೀರು ಎರಚಿದರು. ಸ್ಟಾರ್ಟಿಂಗ್ ಹ್ಯಾಂಡಲ್ ವಾಪಸು ಒದ್ದು ಬಲಗೈ ಮಣಿಕಟ್ಟು ಮುರಿದಿತ್ತು. ಸೊಟ್ಟಗೆ ಕೂಡಿಕೊಂಡಿತ್ತು. ಆ ಸೊಟ್ಟ ಕೈಯಲ್ಲೇ ಗೇರ್ ಹಾಕುತ್ತಿದ್ದ.

ಗುಮಾಸ್ತ ಈಶ್ವರಪ್ಪನ ಕಥೆ ಇನ್ನೊಂದು. ಅವನು ಚಲನ್ ಹಿಡಿದು ಭದ್ರಾವತಿಗೆ ಹೋಗಬೇಕಾದಾಗ ಜಟ್ಟಪ್ಪನ ಪಕ್ಕದ ಸೀಟಿನಲ್ಲಿ ಕೂರುತ್ತಿರಲಿಲ್ಲ. ಮೈಲಿಗೆ. ಬಿಳಿ ಪಂಚೆ ಉಟ್ಟು ಇದ್ದಿಲ ಮೂಟೆಯ ಮೇಲೆ ಹತ್ತಿ ಕೂರುತ್ತಿದ್ದ. ಹನ್ನೊಂದು ಮೈಲಿ ದಾಟುವ ಹೊತ್ತಿಗೆ ಮುಖ ಮೂತಿ ಒಂದಾಗಿ ಕರ್ರಗೆ ಇಳಿಯುತ್ತಿದ್ದ. ಜಟ್ಟಪ್ಪ ಸೀಟಿನಿಂದ ಬೆಳ್ಳಗೆ ಇಳಿಯುತ್ತಿದ್ದ. ಕಾರ್ಖಾನೆಯ ಗೇಟಿನವರು ಜಟ್ಟಪ್ಪನಿಗೆ ಸಲಾಂ ಹೊಡೆದು, ಈಶ್ವರಪ್ಪನಿಗೆ "ಏಯ್ ಕೂಲಿ, ಆ ಕಡೆ ನಿಲ್ಲು" ಅಂದದ್ದೂ ಉಂಟು.

ಜಟ್ಟಪ್ಪ ಮಲವಗೊಪ್ಪದ ಹೊಲಗೇರಿಯವನು. ಚಿಕ್ಕಮಗಳೂರಿನ ಕಾಫಿ ತೋಟದ ಬಿಳಿ ದೊರೆಯ ಹತ್ತಿರ ಕಾರು ತೊಳೆಯಲು ಸೇರಿದ್ದ. ಆ ದೊರೆಗೆ ಕುಡಿದರೆ ಕಾರು ಓಡಿಸಲು ಆಗುತ್ತಿರಲಿಲ್ಲ, ಕುಡಿಯದ ಹೊತ್ತೂ ಇರಲಿಲ್ಲ. ಹಾಗಾಗಿ ತೊಳೆಯುವವನಿಗೇ ಸ್ಟೇರಿಂಗ್ ಕಲಿಸಿ ಲೈಸೆನ್ಸ್ ಕೊಡಿಸಿದ. ಯುದ್ಧ ಬಂತು, ದೊರೆ ಹಡಗು ಹತ್ತಿದ. ಜಟ್ಟಪ್ಪ ಹೆಂಡತಿ ದುರ್ಗಮ್ಮನನ್ನು ಕರೆದುಕೊಂಡು ಊರಿಗೆ ಬಂದು ಷಡಕ್ಷರಪ್ಪನವರ ಮುಂದೆ ನಿಂತ. ಅವರು ತುಂಬಿದ ಲಾರಿಯನ್ನು ಹೊಳೆಯ ದಡದ ಏರಿಗೆ ಹಿಮ್ಮುಖವಾಗಿ ಹತ್ತಿಸು ಅಂದರು. ಒಂದೇ ಉಸಿರಿಗೆ ಹತ್ತಿಸಿದ. ಆಮೇಲೆ ಯಾವ ಕೇರಿ ಅಂತ ಕೇಳಿದರು. ಹೇಳಿದ. ಯಜಮಾನರ ಮುಖ ಸಣ್ಣಗಾಯಿತು.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಯಜಮಾನರ ತಂದೆ ಎತ್ತಿನ ಗಾಡಿ ಇಟ್ಟಿದ್ದ ಕಾಲದಿಂದ ಬಂದದ್ದು. ಗಾಡಿ ಹೊಡೆಯಲು ಸೇರಿದವನು ದೇವರ ಕೋಣೆಯ ನಂದಾದೀಪ ಮುಟ್ಟಿ ಆಣೆ ಇಡಬೇಕು. 'ವರ್ಷ ತುಂಬೋವರೆಗೂ ಈ ಮನೆ ಗಾಡಿ ಬಿಡಲ್ಲ. ಬಿಟ್ಟರೆ ನನ್ನ ಮನೆ ದೀಪ ಆರಲಿ.' ಎತ್ತು ಹೋಗಿ ಎಂಜಿನ್ ಬಂದರೂ ಆಣೆ ಹಾಗೇ ಉಳಿಯಿತು. ವರ್ಷ ತುಂಬಿದ ದಿನ ಮತ್ತೆ ಮುಟ್ಟಿಸುತ್ತಿದ್ದರು. ಹೀಗೆ ಒಬ್ಬೊಬ್ಬ ಡ್ರೈವರನ್ನು ಆರೇಳು ವರ್ಷ ಕಟ್ಟಿ ಹಾಕಿದ್ದರು. ಕಬ್ಬಿಣದ ಸರಪಳಿಯನ್ನಾದರೂ ಕಡಿಯಬಹುದು, ಹೆಂಡತಿ ಮಕ್ಕಳ ಮೇಲಿನ ಆಣೆಯನ್ನು ಯಾರು ಕಡಿಯುತ್ತಾರೆ?

ಜಟ್ಟಪ್ಪನ ಸರದಿಗೆ ಎಲ್ಲರಿಗೂ ಪೇಚಾಟ. ಅವನು ಹೊಸ್ತಿಲು ದಾಟುವ ಹಾಗಿಲ್ಲ. ದಾಟಿದರೂ ದೀಪ ಮುಟ್ಟುವ ಹಾಗಿಲ್ಲ. ಈಶ್ವರಪ್ಪನೇ ದಾರಿ ಹುಡುಕಿದ.

"ಇವನ ಆಣೆಗೆ ಏನು ಬೆಲೆ ಯಜಮಾನ್ರೇ? ಇವನ ಲೈಸೆನ್ಸೇ ತಿಜೋರೀಲಿ ಇಟ್ಕೊಳ್ಳಿ. ಅದಿಲ್ದೆ ಎಲ್ಲಿಗೆ ಹೋಗ್ತಾನೆ?"

"ದಾರೀಲಿ ಪೊಲೀಸ್ನೋರು ಕೇಳಿದ್ರೆ ಬುದ್ಧಿ?" ಅಂದಿದ್ದ ಜಟ್ಟಪ್ಪ.

"ನನ್ನ ಗಾಡಿ ಹಿಡಿಯೋ ಪೊಲೀಸು ಯಾರೋ?" ಅಂದಿದ್ದರು ಯಜಮಾನರು.

ಅವತ್ತಿನಿಂದ ಪುಸ್ತಕ ತಿಜೋರಿಯಲ್ಲಿ. ಎರಡು ವರ್ಷ ಅದರ ಮುಖ ನೋಡಿರಲಿಲ್ಲ. ವರ್ಷಕ್ಕೊಮ್ಮೆ ಸರ್ಕಾರಿ ಕಚೇರಿಗೆ ಕಳಿಸಿ ಮೊಹರು ಹಾಕಿಸುತ್ತೇವೆ ಅಂತ ಈಶ್ವರಪ್ಪ ಹೇಳುತ್ತಿದ್ದ. ನಂಬಿದ. ನಂಬದೆ ಏನು ಮಾಡುವುದು?

ಈಗ ಒಂದೇ ತಿಂಗಳಲ್ಲಿ ಮೂವರು ಡ್ರೈವರುಗಳು ಮಾಯವಾಗಿದ್ದರು. ಮಿಲಿಟರಿಯಲ್ಲಿ ಡ್ರೈವರುಗಳಿಗೆ ಬರ ಬಂದಿತ್ತು. ಬೂಟು, ಬಟ್ಟೆ, ಹೊಟ್ಟೆ ತುಂಬ ಅನ್ನ. ದೀಪ ಮುಟ್ಟಿದ್ದ ಮೂವರೂ ಆಣೆಯನ್ನು ಗಾಳಿಗೆ ತೂರಿ ರೈಲು ಹತ್ತಿದರು. ಉಳಿದವರು ಇಬ್ಬರೇ, ದೀಪ ಮುಟ್ಟಿದ್ದ ಸಿದ್ದಯ್ಯ ಮತ್ತು ಮುಟ್ಟದ ಜಟ್ಟಪ್ಪ.

ಸಿದ್ದಯ್ಯನಿಗೆ ಜಟ್ಟಪ್ಪನ ಮೇಲೆ ಅನುಮಾನ. ಇವನಿಗೆ ಆಣೆ ಇಲ್ಲ, ಆದರೂ ಓಡಿಹೋಗಿಲ್ಲ. ಯಜಮಾನರ ಬೇಹುಗಾರನೇ ಇರಬೇಕು. ಜಟ್ಟಪ್ಪನಿಗೆ ಸಿದ್ದಯ್ಯನ ಮೇಲೆ ಅನುಮಾನ. ಅವನು ಜಗಲಿಯ ಮೇಲೆ ಕೂತು ಕಾಫಿ ಕುಡಿಯುವವನು, ಕುಡಿಯುತ್ತಾ ಏನೇನು ಹೇಳುತ್ತಾನೋ. ಇಬ್ಬರೂ ಒಬ್ಬರ ಬೆನ್ನು ಒಬ್ಬರು ನೋಡುತ್ತಾ ಕೆಲಸ ಮಾಡುತ್ತಿದ್ದರು. ಜಟ್ಟಪ್ಪ ಓಡಿಸಿದ ಲಾರಿಯನ್ನು ತಾನು ಹತ್ತಬೇಕಾದರೆ ಸಿದ್ದಯ್ಯ ಒಂದು ಚೆಂಬು ನೀರು ಸೀಟಿಗೆ ಹೊಯ್ಯುತ್ತಿದ್ದ. ಒದ್ದೆ ಸೀಟಿನಲ್ಲಿ ಕೂತು ಹೋಗುತ್ತಿದ್ದ. ಅವನ ಹಣೆಬರಹ.

ಬುಧವಾರ ಯಜಮಾನರು ಜಟ್ಟಪ್ಪನಿಗೆ ಒಂದು ಖಾಕಿ ಕೋಟು ಕೊಡಿಸಿದರು. ಓಡಿಹೋದವರಲ್ಲಿ ಒಬ್ಬ ಬಿಟ್ಟುಹೋದ ಕೋಟು. ಒಗೆಸಿದ್ದರು.

"ಏನು ಮಾರಾಯ, ಹೊಸ ಅಳಿಯನ ಹಂಗೆ ಕಾಣ್ತೀಯಲ್ಲ," ಅಂದ ಸಿದ್ದಯ್ಯ. "ಯಾರ ಮೇಲೆ ಚಾಡಿ ಹೇಳಿದ್ದಕ್ಕೆ ಇದು?"

"ನಿನ್ ಮೇಲೆ ಹೇಳೋಕೆ ಏನೈತಣ್ಣ? ಎಲ್ಲಾನೂ ನೀನೇ ಹೇಳಿ ಮುಗಿಸಿರ್ತೀಯ."

ಕೋಟು ಹಾಕಿಕೊಂಡ. ಕುರಿ ಕೊಬ್ಬಿದಷ್ಟೂ ಕುರುಬನಿಗೆ ಲಾಭ ಅನ್ನುವ ಮಾತು ಅವನ ತಲೆಯಲ್ಲಿ ಸುತ್ತುತ್ತಲೇ ಇತ್ತು.

ನಗುವಿನ ಕಾರಣದ ಬಗ್ಗೆ ಅವನಿಗೆ ಒಂದು ಅನುಮಾನ ಇದ್ದೇ ಇತ್ತು. ಹಿಂದಿನ ಶನಿವಾರ ಕಾರ್ಖಾನೆಯಲ್ಲಿ ತೂಕದ ಕಟ್ಟೆಯ ತಮಿಳು ಮೇಸ್ತ್ರಿ ಅವನನ್ನು ಪಕ್ಕಕ್ಕೆ ಕರೆದಿದ್ದ. ಈಶ್ವರಪ್ಪ ಮೂಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದ.

"ಡ್ರೈವರ್ ಬೇಕು ಪಾ. ಇನ್ನೊಂದು ವಾರ ಬಿಟ್ಟು ಸೋಮವಾರ ಒಂಬತ್ತು ಗಂಟೆಗೆ ಟೆಸ್ಟು. ಲೈಸೆನ್ಸ್ ತಗೊಂಡು ಬಾ. ನಿನ್ ಕೈ ನಾನು ನೋಡಿದೀನಿ, ಖಂಡಿತ ಆಗುತ್ತೆ. ಮನೆ ಕೊಡ್ತಾರೆ, ಲೈನ್ ಮನೆ. ಲೈನಿಗೆ ಒಂದು ನಲ್ಲಿ."

"ಯಾರ ನಲ್ಲಿ?" ಅಂತ ಕೇಳಿದ್ದ ಜಟ್ಟಪ್ಪ.

ಮೇಸ್ತ್ರಿಗೆ ಅರ್ಥವಾಗಲಿಲ್ಲ. "ನಲ್ಲಿ ಅಂದ್ರೆ ನಲ್ಲಿ ಪಾ. ತಿರುಗಿಸಿದ್ರೆ ನೀರು ಬರೋದು."

ದುರ್ಗಮ್ಮನಿಗೆ ಹೇಳಿದಾಗ ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. ಮಲವಗೊಪ್ಪದಲ್ಲಿ ಅವಳು ದಿನಾ ಬಾವಿಯಿಂದ ಹತ್ತು ಮಾರು ದೂರ ಕೊಡ ಇಟ್ಟು ನಿಲ್ಲಬೇಕು. ಯಾರಿಗಾದರೂ ಮನಸ್ಸು ಬಂದರೆ ಮೇಲಿಂದ ಹೊಯ್ಯುತ್ತಾರೆ. ಅರ್ಧ ಕೊಡಕ್ಕೆ, ಅರ್ಧ ಸೀರೆಗೆ. ಮನಸ್ಸು ಬರದಿದ್ದರೆ ಬಿಸಿಲು ನೆತ್ತಿಗೆ ಬರುವವರೆಗೂ ನಿಲ್ಲಬೇಕು.

"ನಾನೇ ತಿರುಗಿಸಬಹುದಾ?" ಅಂದಳು.

"ಹಂಗಂತೆ."

"ಅಂತೆ ಕಂತೆ ನಂಬ್ಕೊಂಡು ಕೆಡಬ್ಯಾಡ. ಬೆಳ್ಳಗಿರೋದೆಲ್ಲ ಹಾಲಲ್ಲ. ಮೊದ್ಲು ಲೈಸನ್ಸು ಕೈಗೆ ಬರ್ಲಿ." ರೊಟ್ಟಿಯನ್ನು ಹೆಂಚಿಗೆ ಹಾಕಿ ಮತ್ತೆ ಕೇಳಿದಳು, "ಯಾವಾಗ್ ಬೇಕಾದ್ರೂ ತಿರುಗಿಸಬಹುದಾ?"

ಮಂಗಳವಾರ ಜಟ್ಟಪ್ಪ ಲೈಸೆನ್ಸ್ ಕೇಳಿದ. ತಿಜೋರಿಯ ಕೀಲಿ ಯಜಮಾನರ ತಾಯಿ ವೀರಮ್ಮನವರ ಸೊಂಟದಲ್ಲಿದೆ, ಅವರು ಪೂಜೆಗೆ ಕೂತಿದ್ದಾರೆ ಅಂದ ಈಶ್ವರಪ್ಪ. ಬುಧವಾರ ಕೇಳಿದ. ಕೋಟು ಸಿಕ್ಕಿತು. ಗುರುವಾರ ಕೇಳಿದ.

"ಯಾಕೋ ಅಷ್ಟು ಅವಸರ?" ಅಂದ ಈಶ್ವರಪ್ಪ. "ಭದ್ರಾವತೀಲಿ ಯಾರಾದ್ರೂ ಹೆಣ್ಣು ಕೊಡ್ತಾರಾ?"

ಹಾಗಾದರೆ ಅನುಮಾನ ಸುಳ್ಳಲ್ಲ, ಯಜಮಾನರಿಗೂ ಎಲ್ಲ ಗೊತ್ತಾಗಿದೆ. ಜಟ್ಟಪ್ಪ ಆ ದಿನ ಊಟ ಮಾಡಲಿಲ್ಲ. ಯಾವ ಕಡೆಯಿಂದ ಹೊಡೆಯುತ್ತಾರೆ ಅಂತ ಯೋಚಿಸುತ್ತಾ ಲಾರಿ ಓಡಿಸಿದ. ಕಳ್ಳತನದ ಆರೋಪ ಹೊರಿಸಬಹುದು. ಕೈ ಕಾಲು ಮುರಿಸಬಹುದು. ಲೈಸೆನ್ಸನ್ನು ಒಲೆಗೆ ಹಾಕಬಹುದು. ಏನೇನೋ ಯೋಚಿಸಿದ. ಅವರು ಮಾಡಿದ್ದನ್ನು ಮಾತ್ರ ಯೋಚಿಸಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆ. ಲಾರಿ ತುಂಬಿ ನಿಂತಿತ್ತು. ಪೀಪಾಯಿಯಲ್ಲಿ ಬೆಂಕಿ ಕೆಂಪಾಗಿ ಗ್ಯಾಸು ಸಿದ್ಧವಾಗಿತ್ತು. ಮಧ್ಯಾಹ್ನದೊಳಗೆ ಇದ್ದಿಲು ಕಾರ್ಖಾನೆ ಮುಟ್ಟದಿದ್ದರೆ ಕಂಟ್ರಾಕ್ಟು ಬೇರೆಯವರಿಗೆ ಅಂತ ಕಾಗದ ಬಂದಿತ್ತು. ಜಟ್ಟಪ್ಪ ಹ್ಯಾಂಡಲ್ ಹಿಡಿಯುವ ಹೊತ್ತಿಗೆ ಈಶ್ವರಪ್ಪ ಕೂಗಿದ.

"ಜಟ್ಟಪ್ಪ, ಕೈಕಾಲು ತೊಳ್ಕೊಂಡು ಅಂಗಳಕ್ಕೆ ಬಾ."

ಅಂಗಳದಲ್ಲಿ ಸಾರಿಸಿ, ಮಣೆ ಹಾಕಿದ್ದರು. ಮಣೆಯ ಮೇಲೆ ದೀಪ. ದೇವರ ಕೋಣೆಯ ಅದೇ ದೀಪ, ಉರಿಯುತ್ತಿತ್ತು. ಪಕ್ಕದಲ್ಲಿ ಷಡಕ್ಷರಪ್ಪನವರು ಮಡಿ ಪಂಚೆಯಲ್ಲಿ ನಿಂತಿದ್ದರು. ಬಾಗಿಲಲ್ಲಿ ವೀರಮ್ಮ ಮೂತಿ ಊದಿಸಿಕೊಂಡು ನಿಂತಿದ್ದರು. ಹಮಾಲರು, ಅಕ್ಕಪಕ್ಕದ ಮಂಡಿಯವರು ಎಲ್ಲ ನೆರೆದಿದ್ದರು. ಸಿದ್ದಯ್ಯ ಶೆಡ್ಡಿನ ಕಂಬಕ್ಕೆ ಒರಗಿದ್ದ.

"ನೋಡು ಜಟ್ಟಪ್ಪ," ಅಂದರು ಯಜಮಾನರು. ಮತ್ತೆ ಆ ನಗು. "ಕಾಲ ಬದಲಾಗಿದೆ. ನಾನು ಜಾತಿಗೀತಿ ನೋಡೋನಲ್ಲ. ನಮ್ಮ ವಂಶದಲ್ಲಿ ಇವತ್ತಿನವರೆಗೂ ಈ ದೀಪ ಹೊಸ್ತಿಲು ದಾಟಿರಲಿಲ್ಲ. ನಿನಗೋಸ್ಕರ ದಾಟಿಸಿದೀನಿ. ಮುಟ್ಟು. ಮುಟ್ಟಿ ಆಣೆ ಇಡು. ನೀನೂ ನಮ್ಮ ಮನೇವನೇ."

ನೆರೆದವರು ತಲೆದೂಗಿದರು. ಎಂಥಾ ದೊಡ್ಡ ಮನಸ್ಸು ಅಂದರು.

ಸುಳ್ಳು ಯಾಕೆ ಹೇಳಬೇಕು, ಜಟ್ಟಪ್ಪನ ಎದೆ ಒಂದು ಗಳಿಗೆ ಹಿಗ್ಗಿತು. ಅವನ ಅಪ್ಪ, ತಾತ ಯಾರೂ ಇಂಥ ದೀಪವನ್ನು ಇಷ್ಟು ಹತ್ತಿರದಿಂದ ಕಂಡಿರಲಿಲ್ಲ. ಕೈ ತಾನಾಗಿ ಮುಂದೆ ಹೋಯಿತು. ಹೋದದ್ದು ಕಂಡು ಅವನಿಗೇ ಸಿಟ್ಟು ಬಂತು. ಎರಡು ವರ್ಷ ಗ್ಯಾಸು ಕುಡಿದು ಬಿದ್ದಾಗ ಮುಟ್ಟದವರು, ಮೂವರು ಓಡಿದ ಮೇಲೆ ಮುಟ್ಟು ಅನ್ನುತ್ತಿದ್ದಾರೆ. ಟೆಸ್ಟಿಗೆ ಮೂರು ದಿನ ಇರುವಾಗ ಮುಟ್ಟು ಅನ್ನುತ್ತಿದ್ದಾರೆ. ಓಡಿಹೋದವರ ಹಾಗೆ ಮುಟ್ಟಿ ಮರೆತುಬಿಡಲು ಅವನಿಂದ ಆಗದು. ಅವನು ಆಣೆಗೆ ಹೆದರುವವನು. ಅದು ಇವರಿಗೂ ಗೊತ್ತು. ಒಮ್ಮೆ ಮುಟ್ಟಿದರೆ ದುರ್ಗಮ್ಮ ಸಾಯುವವರೆಗೂ ಬಾವಿಯಿಂದ ಹತ್ತು ಮಾರು ದೂರ.

ಕೈ ಹಿಂದಕ್ಕೆ ತಗೊಂಡ.

"ಮೊದ್ಲು ನನ್ ಲೈಸೆನ್ಸ್ ತೋರ್ಸಿ ಬುದ್ಧಿ."

"ಅದೆಲ್ಲಿಗೆ ಹೋಗುತ್ತೋ? ಭದ್ರವಾಗಿದೆ."

"ಕಣ್ಣಲ್ಲಿ ನೋಡ್ತೀನಿ."

ಜನ ನೋಡುತ್ತಿದ್ದರು. ಯಜಮಾನರು ಗೋಣು ಹಾಕಿದರು. ಈಶ್ವರಪ್ಪ ಒಳಗೆ ಹೋಗಿ ಪುಸ್ತಕ ತಂದು, ಜಗಲಿಯ ಮೇಲೆ ನಿಂತು, ಮಗುವಿಗೆ ಚಂದ್ರನನ್ನು ತೋರಿಸಿದ ಹಾಗೆ ಎತ್ತಿ ಹಿಡಿದ.

"ಕೊನೇ ಹಾಳೆ ತಿರುವಿ ಸ್ವಾಮಿ."

"ಓದೋಕೆ ಬರುತ್ತೇನೋ ನಿನಗೆ?"

"ಓದೋಕೆ ಬರಲ್ಲ. ಎಣಿಸೋಕೆ ಬರುತ್ತೆ."

ವರ್ಷಕ್ಕೊಂದು ನೇರಳೆ ಮೊಹರು. ದೊರೆಯ ಕಾಲದಲ್ಲಿ ಮೂರು ಬಿದ್ದಿದ್ದವು. ಇಲ್ಲಿ ಎರಡು ಬಿದ್ದು ಐದಾಗಬೇಕಿತ್ತು. ನಾಲ್ಕೇ ಇದ್ದವು. ಐದನೆಯ ಚೌಕ ಖಾಲಿ.

"ಈ ವರ್ಷದ್ದು ಎಲ್ಲಿ?"

ಈಶ್ವರಪ್ಪ ಯಜಮಾನರ ಮುಖ ನೋಡಿದ. ಅಷ್ಟು ಸಾಕಾಯಿತು.

"ಮಾರ್ಚಿಗೇ ಮುಗಿದೈತೆ," ಅಂದ ಜಟ್ಟಪ್ಪ. ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ಮೂರು ತಿಂಗಳಿಂದ ಲೈಸೆನ್ಸಿಲ್ದೆ ಗಾಡಿ ಓಡಿಸಿದೀನಿ. ನನಗೇ ಗೊತ್ತಿಲ್ಲ. ಹಿಡಿದಿದ್ರೆ ಜೈಲಿಗೆ ಹೋಗೋನು ನಾನು. ಗಾಡಿ ಬಿಟ್ಟು ಹೋದ್ರೂ ಯಾರೂ ಕೆಲ್ಸ ಕೊಡಬಾರ್ದು, ಹಂಗೆ ಮಾಡಿದೀರ."

"ಮರೆತುಹೋಯ್ತು ಕಣೋ. ಅದೇನು ಮಹಾ? ದೀಪ ಮುಟ್ಟು, ನಾಳೇನೇ ಮೊಹರು ಹಾಕಿಸ್ತೀನಿ."

"ಮುಟ್ಟಲ್ಲ."

"ಏನಂದೆ?"

"ಮುಟ್ಟಲ್ಲ ಅಂದೆ. ಇಷ್ಟು ದಿನ ನೀವು ಮುಟ್ಟಬ್ಯಾಡ ಅಂತಿದ್ರಿ. ಇವತ್ತು ನಾನು ಅಂತಿದೀನಿ. ನಿಮ್ ದೀಪಾನೂ ಮುಟ್ಟಲ್ಲ, ನಿಮ್ ಗಾಡೀನೂ ಮುಟ್ಟಲ್ಲ."

ಯಜಮಾನರ ನಗು ಹೋಯಿತು. "ಏ ಜಟ್ಟ! ಹೊಲೆಯ ನನ್ಮಗನೆ, ಹೊಸ್ತಿಲು ದಾಟಿಸಿ ದೀಪ ತಂದ್ರೆ ಕಾಲಲ್ಲಿ ಒದೀತೀಯ? ಪುಸ್ತಕ ಒಳಗಿಡೋ ಈಶ್ವರಪ್ಪ!"

ಜಟ್ಟಪ್ಪನಿಗೆ ಈ ದನಿ ಗೊತ್ತಿತ್ತು. ಹೊಟ್ಟೆಯ ಚಳಿ ಇಳಿಯಿತು. ಅವನು ನೆಟ್ಟಗೆ ಜಗಲಿಯ ಮೆಟ್ಟಿಲ ಕಡೆಗೆ ನಡೆದ. ಓಡಲಿಲ್ಲ. ಒಂದು ಮೆಟ್ಟಿಲು ಹತ್ತಿದ. ವೀರಮ್ಮ ಕಿಟಾರನೆ ಕಿರುಚಿ ಒಳಗೋಡಿದರು. ಎರಡನೆಯ ಮೆಟ್ಟಿಲು ಹತ್ತಿ ಬಲಗೈ ಚಾಚಿದ.

"ಬಂದ, ಮುಟ್ಟಿಬಿಟ್ಟ!" ಅಂತ ಈಶ್ವರಪ್ಪ ಹಿಂದಕ್ಕೆ ಹಾರಿದ. ಹಾರುವ ಅವಸರದಲ್ಲಿ ಪುಸ್ತಕ ಕೈಬಿಟ್ಟ. ಅದು ಮೆಟ್ಟಿಲ ಮೇಲೆ ಬಿತ್ತು.

ಜಟ್ಟಪ್ಪ ಬಗ್ಗಿ ಎತ್ತಿಕೊಂಡ. ಮಣ್ಣು ಒರೆಸಿದ. ತೆರೆದು ನೋಡಿದ. ಫೋಟೋದಲ್ಲಿ ಇದ್ದವನು ತಾನೇ. ಖಾ‌ಕಿ ಕೋಟನ್ನು ಬಿಚ್ಚಿ ಅಂಗಳದಲ್ಲಿ ಹಾಕಿ ರಸ್ತೆಯ ಕಡೆಗೆ ತಿರುಗಿದ. ಯಾರೂ ತಡೆಯಲಿಲ್ಲ. ತಡೆಯಬೇಕಾದರೆ ಹಿಡಿಯಬೇಕಿತ್ತು. ಅಷ್ಟು ಜನರಲ್ಲಿ ಒಬ್ಬನೂ ಕೈ ಮುಂದೆ ಮಾಡಲಿಲ್ಲ.

"ಹೋಗ್ಲಿ ಬಿಡು ದರಿದ್ರ," ಅಂದರು ಯಜಮಾನರು. "ಸಿದ್ದಯ್ಯ, ನೀನು ಹತ್ತು. ಹೊತ್ತಾಯ್ತು."

ಸಿದ್ದಯ್ಯ ಕಂಬ ಬಿಟ್ಟು ಎದ್ದು ನಿಂತ. ಲಾರಿಯ ಕಡೆಗೆ ಹೋಗಲಿಲ್ಲ.

"ಯಜಮಾನ್ರೇ," ಅಂದ. "ಮಾರ್ಚಿನಲ್ಲಿ ಮೊಹರು ಹಾಕಿಸೋಕೆ ಅಂತ ನಂದೂ ಈಶ್ವರಪ್ಪ ತಗೊಂಡು ಹೋದ. ವಾಪಸ್ ಬಂದಿಲ್ಲ. ನಂದೂ ತೋರ್ಸಿ."

"ನೀನು ದೀಪ ಮುಟ್ಟಿದೋನು ಕಣೋ!"

"ಹೌದು ಯಜಮಾನ್ರೇ. ಅದಕ್ಕೇ ಇಷ್ಟು ದಿನ ಕೇಳಲಿಲ್ಲ."

ಜಟ್ಟಪ್ಪ ಕೇಳಿಸಿಕೊಂಡ. ತಿರುಗಿ ನೋಡಲಿಲ್ಲ. ಸಿದ್ದಯ್ಯ ಕೇಳಿದ್ದು ತನಗಾಗಿ, ಜಟ್ಟಪ್ಪನಿಗಾಗಿ ಅಲ್ಲ. ಸೀಟಿಗೆ ನೀರು ಹೊಯ್ಯುತ್ತಿದ್ದವನು ಒಂದೇ ಗಳಿಗೆಯಲ್ಲಿ ಅಣ್ಣತಮ್ಮ ಆಗುವುದಿಲ್ಲ. ಆದರೂ ಕೇಳಿದನಲ್ಲ.

ಲೈಸೆನ್ಸಿಗೆ ಮೊಹರು ಹಾಕುವ ಸರ್ಕಾರಿ ಕಚೇರಿಯ ಕಿಟಕಿಯ ಮುಂದೆ ಜಟ್ಟಪ್ಪ ನಿಂತಾಗ ಮಧ್ಯಾಹ್ನವಾಗಿತ್ತು. ಒಳಗಿನ ಗುಮಾಸ್ತ ತಲೆ ಎತ್ತದೆ ಕೈ ಚಾಚಿದ. "ಕೊಡು. ಇಟ್ಟು ಹೋಗು, ನಾಳೆ ಬಾ."

ಜಟ್ಟಪ್ಪ ಪುಸ್ತಕದ ಕೊನೆಯ ಹಾಳೆ ತೆರೆದು ಕಿಟಕಿಯೊಳಗೆ ಇಟ್ಟ. ಬೆರಳು ಬಿಡಲಿಲ್ಲ.

"ಬಿಡಯ್ಯ."

"ಇಲ್ಲ ಸ್ವಾಮಿ. ಹಿಂಗೇ ಹಾಕಿ."

"ತಡವಾಗಿದ್ದಕ್ಕೆ ದಂಡ ಬೀಳುತ್ತೆ."

"ಬೀಳ್ಲಿ."

ಗುಮಾಸ್ತ ತಲೆ ಎತ್ತಿ ನೋಡಿದ. ಪುಸ್ತಕ ಎಳೆದು ನೋಡಿದ. ಬರಲಿಲ್ಲ. ಗೊಣಗುತ್ತಾ ಮೊಹರನ್ನು ಶಾಯಿಗೆ ಒತ್ತಿದ. ಪುಸ್ತಕದ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ತುದಿ ಜಟ್ಟಪ್ಪನ ಸೊಟ್ಟ ಕೈಯಲ್ಲಿ. ಐದನೆಯ ಚೌಕದ ಮೇಲೆ ಮೊಹರು ಬಿದ್ದು, ಶಾಯಿ ಒಣಗುವವರೆಗೂ ಜಟ್ಟಪ್ಪ ಕಣ್ಣು ಮಿಟುಕಿಸಲಿಲ್ಲ.